ಚಾರ್ಟರ್ ಮಿಡಲ್ ಸ್ಕೂಲಿನ ದಾಖಲಾತಿ ಅಂಕಿಗಳನ್ನು ಹೇಗೆ ಓದಬೇಕು? (ಕ್ಯಾಲಿಫೋರ್ನಿಯಾದ ಬೇ ಏರಿಯಾ, ಆರನೇ ತರಗತಿ)

ಸನಿವೇಲ್ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಈಗ ಐದನೇ ತರಗತಿ, ಆಗಸ್ಟ್‌ಗೆ ಮಿಡಲ್ ಸ್ಕೂಲ್. ನಮ್ಮ ವಿಳಾಸಕ್ಕೆ ಡಿಸ್ಟ್ರಿಕ್ಟ್ (ಅಂದರೆ ಊರಿನ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಶಾಲೆ ಒಂದಿದೆ. ಅದರ ಜೊತೆಗೆ ಆರರಿಂದ ಎಂಟರವರೆಗೆ ಇರುವ ಒಂದು ಪಬ್ಲಿಕ್ ಚಾರ್ಟರ್ ಶಾಲೆಗೂ ಅರ್ಜಿ ಹಾಕಿದ್ದೆವು. ಲಾಟರಿಯಲ್ಲಿ ಸೀಟು ಬಂದಿದೆ. ಶಾಲೆಯ ಹೆಸರು ಇಲ್ಲಿ ಬೇಡ.

ಅದರ ಅಂಕಿಗಳನ್ನು ನೋಡುತ್ತಾ ಕೂತರೆ ಗೊಂದಲವೇ ಜಾಸ್ತಿ. ಒಂದು ವೆಬ್‌ಸೈಟಿನಲ್ಲಿ ಒಟ್ಟು ಮಕ್ಕಳ ಸಂಖ್ಯೆ ಒಂದು, ಇನ್ನೊಂದರಲ್ಲಿ ಇನ್ನೊಂದು. ಆರನೇ ತರಗತಿ ದೊಡ್ಡದು, ಎಂಟನೇ ತರಗತಿ ಚಿಕ್ಕದು. ಏಷ್ಯನ್ ಮಕ್ಕಳು ಇಷ್ಟು ಅಂತ ಇದೆ, ಅದರಲ್ಲಿ ಭಾರತದವರು ಎಷ್ಟು ಅಂತ ಇಲ್ಲ. ಕಡಿಮೆ ಆದಾಯದ ಮನೆಯ ಮಕ್ಕಳ ಶೇಕಡಾವಾರು ಒಂದೊಂದು ವರ್ಷ ಒಂದೊಂದು ಥರ. ಕೆಲವು ಕಡೆ ಬರೀ ನಕ್ಷತ್ರದ ಗುರುತು.

ಪರಿಚಯದವರು "ಸ್ಕೋರ್ ಚೆನ್ನಾಗಿದೆ, ಸೇರಿಸಿಬಿಡಿ" ಅನ್ನುತ್ತಾರೆ. ನನಗೆ ಅಷ್ಟರಿಂದ ಸಮಾಧಾನ ಇಲ್ಲ. ಆ ಶಾಲೆಗೆ ಯಾರು ಬರುತ್ತಾರೆ, ಯಾರು ಉಳಿಯುತ್ತಾರೆ ಅಂತ ತಿಳಿಯಬೇಕು. ಗೊತ್ತಿರುವವರು ದಯವಿಟ್ಟು ಹೇಳಿ.

ಮೈಸೂರು ಮೇಷ್ಟ್ರು

ನಾನು ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತನಾದವನು. ಮೊಮ್ಮಕ್ಕಳು ಆ ಕಡೆ ಇದ್ದಾರೆ, ಹಾಗಾಗಿ ಕೇಳುತ್ತಿದ್ದೇನೆ. ಚಾರ್ಟರ್ ಅಂದರೆ ಖಾಸಗಿಯೋ ಸರ್ಕಾರಿಯೋ? ನಮ್ಮ ಅನುದಾನಿತ ಶಾಲೆ ಇದ್ದಂತೆಯೇ? ನಮ್ಮಲ್ಲಿ ಮಕ್ಕಳ ಲೆಕ್ಕ ಯುಡೈಸ್‌ಗೆ ಹೋಗುತ್ತದೆ, ರಾಜ್ಯದಲ್ಲಿ ಸ್ಯಾಟ್ಸ್ ಇದೆ. ಅಲ್ಲಿ ಯಾರು ಲೆಕ್ಕ ಇಡುತ್ತಾರೆ?

ಡೇಟಾ ಕೆಲಸದವನು

ಮೇಷ್ಟ್ರೇ, ಅನುದಾನಿತ ಶಾಲೆಯ ಹೋಲಿಕೆ ಬಹುಪಾಲು ಹೊಂದುತ್ತದೆ. ದುಡ್ಡು ಸರ್ಕಾರದ್ದು, ನಡೆಸುವುದು ಬೇರೆ ಮಂಡಳಿ. ಆದರೆ ಇಲ್ಲಿ ಫೀಸ್ ಇಲ್ಲವೇ ಇಲ್ಲ. ಧರ್ಮದ ಪಾಠ ಇಲ್ಲ. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಎಲ್ಲರೆದುರು ಲಾಟರಿ ಎತ್ತಬೇಕು. ಡಿಸ್ಟ್ರಿಕ್ಟ್ ಅಥವಾ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಮಂಡಳಿ ಕೆಲವು ವರ್ಷಗಳ ಮಟ್ಟಿಗೆ ಅನುಮತಿ ಕೊಡುತ್ತದೆ. ಅವಧಿ ಮುಗಿದಾಗ ಮತ್ತೆ ಪರಿಶೀಲನೆ ಆಗುತ್ತದೆ. ಈ ಥರದ ಮೊದಲ ಕಾನೂನು ಬಂದದ್ದು 1991ರಲ್ಲಿ, ಮಿನೆಸೋಟಾದಲ್ಲಿ. ಮರುವರ್ಷವೇ ಕ್ಯಾಲಿಫೋರ್ನಿಯಾ ಎರಡನೇ ರಾಜ್ಯವಾಗಿ ಕಾನೂನು ಮಾಡಿತು. ದೇಶದಲ್ಲಿ 2010ರಲ್ಲಿ ಸುಮಾರು 18 ಲಕ್ಷ ಮಕ್ಕಳು ಚಾರ್ಟರ್ ಶಾಲೆಗಳಲ್ಲಿದ್ದರು, 2021ರ ಹೊತ್ತಿಗೆ ಸುಮಾರು 37 ಲಕ್ಷ.

ಈಗ ಸನಿವೇಲ್ ಅಮ್ಮನವರ ಪ್ರಶ್ನೆ. ಒಟ್ಟು ಸಂಖ್ಯೆ ಬೇರೆ ಬೇರೆ ಕಾಣುವುದಕ್ಕೆ ಕಾರಣ, ಅವು ಬೇರೆ ಬೇರೆ ಲೆಕ್ಕಗಳು. ಕ್ಯಾಲಿಫೋರ್ನಿಯಾದಲ್ಲಿ ಅಕ್ಟೋಬರ್‌ನ ಮೊದಲ ಬುಧವಾರ ಎಷ್ಟು ಮಕ್ಕಳ ಹೆಸರು ಹಾಜರಿಯಲ್ಲಿದೆ ಎನ್ನುವುದೇ 'ಸೆನ್ಸಸ್ ಡೇ' ಸಂಖ್ಯೆ. ಚಾರ್ಟರ್ ಶಾಲೆಯೂ ಡಿಸ್ಟ್ರಿಕ್ಟ್ ಶಾಲೆಯಂತೆಯೇ ಇದನ್ನು ಕ್ಯಾಲ್‌ಪ್ಯಾಡ್ಸ್ ಎಂಬ ವ್ಯವಸ್ಥೆಗೆ ಕೊಡಬೇಕು. ಡೇಟಾಕ್ವೆಸ್ಟ್ ಎಂಬ ರಾಜ್ಯದ ತಾಣದಲ್ಲಿ ಇದೇ ಸಿಗುತ್ತದೆ. ಕೇಂದ್ರ ಸರ್ಕಾರದ ಎನ್‌ಸಿಇಎಸ್ ಎಂಬ ಶಿಕ್ಷಣ ಅಂಕಿಅಂಶ ಸಂಸ್ಥೆ ಎಲ್ಲ ರಾಜ್ಯಗಳಿಂದ ಇಂಥ ಲೆಕ್ಕ ತರಿಸಿ ಪ್ರಕಟಿಸುತ್ತದೆ, ಅದು ಹೊರಬರುವುದು ತಡವಾಗಿ. ಖಾಸಗಿ ರೇಟಿಂಗ್ ತಾಣಗಳು ಇವೆರಡರಿಂದಲೇ ಎತ್ತಿಕೊಳ್ಳುತ್ತವೆ, ಎಷ್ಟೋ ಸಲ ಹಳೆಯ ವರ್ಷದ್ದು. ಹಾಗಾಗಿ ಸಂಖ್ಯೆ ನೋಡುವ ಮೊದಲು ವರ್ಷ ನೋಡಿ.

ಇನ್ನೂ ಎರಡು ಲೆಕ್ಕಗಳಿವೆ. ಒಂದು ಸರಾಸರಿ ದಿನದ ಹಾಜರಾತಿ, ರಾಜ್ಯ ಶಾಲೆಗೆ ದುಡ್ಡು ಕೊಡುವುದು ಇದರ ಮೇಲೆ. ಇನ್ನೊಂದು 'ಕ್ಯುಮುಲೇಟಿವ್ ಎನ್‌ರೋಲ್‌ಮೆಂಟ್', ಅಂದರೆ ಜುಲೈ 1ರಿಂದ ಮುಂದಿನ ಜೂನ್ 30ರ ನಡುವೆ ಒಂದು ದಿನವಾದರೂ ಅಲ್ಲಿ ಓದಿದ ಎಲ್ಲ ಮಕ್ಕಳು. ಅಕ್ಟೋಬರ್ ಸಂಖ್ಯೆಗಿಂತ ಇದು ತುಂಬಾ ದೊಡ್ಡದಿದ್ದರೆ ವರ್ಷದ ಮಧ್ಯೆ ಬಂದು ಹೋಗುವವರು ಜಾಸ್ತಿ ಎಂದರ್ಥ. ನೀವು ಕೇಳುತ್ತಿರುವುದಕ್ಕೆ ಇದು ಬಹಳ ಉಪಯೋಗದ ಸಂಖ್ಯೆ, ಯಾರೂ ನೋಡುವುದಿಲ್ಲ.

ಫ್ರೀಮಾಂಟ್ ಅಪ್ಪ

ಅಂಕಿ ಅಂಶ ಎಲ್ಲ ಸರಿ. ನನಗೆ ನೇರವಾಗಿ ಬೇಕಾದ್ದು ಒಂದೇ, ನಮ್ಮ ಮಕ್ಕಳಂಥವರು ಎಷ್ಟಿದ್ದಾರೆ ಅಂತ. ಹನ್ನೊಂದು ವರ್ಷದ ಮಗು ಇಡೀ ಕ್ಲಾಸಿನಲ್ಲಿ ತಾನೊಬ್ಬಳೇ ಬೇರೆ ಅಂತ ಅನ್ನಿಸಿಕೊಳ್ಳಬಾರದು ಅಲ್ವಾ? ಅದು ತಪ್ಪು ಪ್ರಶ್ನೆ ಅಂತ ನನಗೆ ಅನ್ನಿಸುವುದಿಲ್ಲ.

ಡೇಟಾ ಕೆಲಸದವನು

ತಪ್ಪು ಪ್ರಶ್ನೆ ಖಂಡಿತ ಅಲ್ಲ. ಆದರೆ ಈ ಕೋಷ್ಟಕ ಅದಕ್ಕೆ ಉತ್ತರ ಕೊಡುವುದಿಲ್ಲ. ಕೇಂದ್ರಕ್ಕೆ ಹೋಗುವ ವರದಿಯಲ್ಲಿ ಏಳೇ ಗುಂಪುಗಳು. ಅದರಲ್ಲಿ ಚೀನಾ, ವಿಯೆಟ್ನಾಂ, ಕೊರಿಯಾ, ಭಾರತ ಎಲ್ಲವೂ 'ಏಷ್ಯನ್'. ಕ್ಯಾಲಿಫೋರ್ನಿಯಾ ಫಿಲಿಪಿನೋ ಮಕ್ಕಳನ್ನು ಮಾತ್ರ ಬೇರೆ ತೋರಿಸುತ್ತದೆ. ಪೂರ್ವ ಸ್ಯಾನ್ ಹೋಸೆಯ ಶಾಲೆಯಲ್ಲಿ 'ಏಷ್ಯನ್' ಅಂದರೆ ಬಹುಮಟ್ಟಿಗೆ ವಿಯೆಟ್ನಾಂ ಮೂಲದ ಮಕ್ಕಳು ಇರಬಹುದು, ಫ್ರೀಮಾಂಟ್‌ನಲ್ಲಿ ಬೇರೆಯೇ. ಹಿಸ್ಪ್ಯಾನಿಕ್ (ಮೆಕ್ಸಿಕೋ ಮುಂತಾದ ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲ) ಎಂದು ಗುರುತು ಹಾಕಿದ ಮಗು ಬೇರೆ ಯಾವ ಗುರುತು ಹಾಕಿದ್ದರೂ ಆ ಒಂದೇ ಸಾಲಿಗೆ ಹೋಗುತ್ತದೆ. ಅಪ್ಪ ಭಾರತ, ಅಮ್ಮ ಐರ್ಲೆಂಡ್ ಮೂಲ ಆದರೆ 'ಎರಡು ಅಥವಾ ಹೆಚ್ಚು' ಸಾಲಿಗೆ. ತಂದೆ ತಾಯಿ ಏನೂ ತುಂಬದಿದ್ದರೆ ಶಾಲೆಯವರೇ ನೋಡಿ ಗುರುತು ಹಾಕಬೇಕೆಂಬ ನಿಯಮವೂ ಇದೆ. 2024ರಲ್ಲಿ ಕೇಂದ್ರ ಸರ್ಕಾರ ಈ ಗುಂಪುಗಳ ಪಟ್ಟಿಯನ್ನು ಬದಲಿಸಿದೆ, ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾ ಮೂಲದವರಿಗೆ ಪ್ರತ್ಯೇಕ ಸ್ಥಾನ ಬಂದಿದೆ. ನಾವು ನೋಡುವ ಹಳೆಯ ವರ್ಷಗಳ ಕೋಷ್ಟಕಗಳು ಹಳೆಯ ಪಟ್ಟಿಯವೇ.

ನಿಮ್ಮ ಪ್ರಶ್ನೆಗೆ ಹತ್ತಿರದ ಉತ್ತರ ಇನ್ನೊಂದು ಕಡೆ ಇದೆ. ಡೇಟಾಕ್ವೆಸ್ಟ್‌ನಲ್ಲಿ ಮಕ್ಕಳ ಮನೆ ಭಾಷೆಯ ವರದಿ ಇದೆ. ಅದರ ಭಾಷೆಗಳ ಪಟ್ಟಿಯಲ್ಲಿ ತೆಲುಗು, ತಮಿಳು, ಮರಾಠಿ ಜೊತೆ ಕನ್ನಡವೂ ಇದೆ. ನಮ್ಮ ಭಾಷೆಗೂ ಅಲ್ಲೊಂದು ಸಾಲು ಇರುವುದು ನೋಡಿ ನನಗೆ ನಿಜಕ್ಕೂ ಖುಷಿ ಆಯ್ತು.

ಮಿಲ್ಪಿಟಸ್‌ನವಳು

ಆ ಸಾಲಿನಲ್ಲಿ ಸಂಖ್ಯೆ ಕಡಿಮೆ ಇರುವುದಕ್ಕೂ ಕಾರಣ ಇದೆ. ಶಾಲೆಗೆ ಸೇರಿಸುವಾಗ ಮನೆ ಭಾಷೆಯ ಫಾರಂ ಕೊಡುತ್ತಾರಲ್ಲ, ಅದರಲ್ಲಿ ಕನ್ನಡ ಅಂತ ಬರೆದರೆ ಮಗುವಿಗೆ ಎಲ್‌ಪ್ಯಾಕ್ ಎಂಬ ಇಂಗ್ಲಿಷ್ ಪರೀಕ್ಷೆ ಕೊಡುತ್ತಾರೆ. ಹಾಗಾಗಿ ನಮ್ಮವರು ತುಂಬಾ ಜನ ಸುಮ್ನೆ ಇಂಗ್ಲಿಷ್ ಅಂತ ಬರೆದುಬಿಡುತ್ತಾರೆ. ನಮಗೂ ಹಾಗೇ ಸಲಹೆ ಬಂದಿತ್ತು. "ಇಂಗ್ಲಿಷ್ ಕಲಿಯುವವರು ಅಂತ ಹಣೆಪಟ್ಟಿ ಬಿದ್ದರೆ ಮಿಡಲ್ ಸ್ಕೂಲಿನಲ್ಲಿ ಇಷ್ಟದ ವಿಷಯ ತೆಗೆದುಕೊಳ್ಳಲು ಆಗಲ್ಲ" ಅನ್ನುವ ಭಯ.

ಆರನೇ ಕ್ಲಾಸ್ ಟೀಚರ್

ನಾನು ಇದೇ ರಾಜ್ಯದ ಒಂದು ಚಾರ್ಟರ್ ಮಿಡಲ್ ಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಇದರ ಬಗ್ಗೆ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ದಯವಿಟ್ಟು ನಿಜ ಬರೆಯಿರಿ. ಮನೆಯಲ್ಲಿ ಕನ್ನಡ ಮಾತಾಡಿದರೆ ಕನ್ನಡ ಅಂತಲೇ ಬರೆಯಿರಿ. ಮಗು ರಾಜ್ಯದ ಶಾಲೆಗೆ ಮೊದಲ ಸಲ ಸೇರುವಾಗ ಪರೀಕ್ಷೆ ಆಗುತ್ತದೆ. ಇಂಗ್ಲಿಷ್ ಚೆನ್ನಾಗಿದ್ದರೆ ಆಗಲೇ 'ಆರಂಭದಿಂದಲೇ ಇಂಗ್ಲಿಷ್‌ನಲ್ಲಿ ಪ್ರವೀಣ' ಎಂದು ದಾಖಲಾಗುತ್ತದೆ, ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಆ ಮಗುವಿಗೆ ನೆರವು ಬೇಕು ಅಂತಲೇ ಅರ್ಥ, ಅದು ಕಾನೂನಿನ ಹಕ್ಕು. ಮುಂದೆ ಪ್ರವೀಣತೆ ಬಂದಾಗ ವರ್ಗೀಕರಣ ಬದಲಾಗುತ್ತದೆ.

ಸನಿವೇಲ್ ಅಮ್ಮ, ನಿಮ್ಮ ಮಗಳು ಈಗಾಗಲೇ ಇಲ್ಲಿನ ಪಬ್ಲಿಕ್ ಶಾಲೆಯಲ್ಲಿ ಇದ್ದರೆ ಮೊದಲ ಪರೀಕ್ಷೆ ಮತ್ತೆ ಇಲ್ಲ, ದಾಖಲೆ ಜೊತೆಗೇ ಬರುತ್ತದೆ.

ಮಿಡಲ್ ಸ್ಕೂಲಿನ ಅಂಕಿ ಓದುವಾಗ ಇದನ್ನು ನೆನಪಿಡಿ. ಕೆಳಗಿನ ತರಗತಿಗಳಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ ಎಷ್ಟೋ ಮಕ್ಕಳು ಆರನೇ ತರಗತಿಯ ಹೊತ್ತಿಗೆ ಆ ಪಟ್ಟಿಯಿಂದ ಹೊರಬಂದಿರುತ್ತಾರೆ. ಆದ್ದರಿಂದ ಒಂದು ಮಿಡಲ್ ಸ್ಕೂಲನ್ನು ಪಕ್ಕದ ಎಲಿಮೆಂಟರಿ ಶಾಲೆಯ ಜೊತೆ ಹೋಲಿಸಿ "ಇವರು ಇಂಗ್ಲಿಷ್ ಬಾರದ ಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ" ಅನ್ನುವುದು ನ್ಯಾಯ ಅಲ್ಲ. ಡಿಸ್ಟ್ರಿಕ್ಟ್‌ನ ಬೇರೆ ಮಿಡಲ್ ಸ್ಕೂಲ್‌ಗಳ ಜೊತೆ ಹೋಲಿಸಿ. ಆಗಲೂ ತುಂಬಾ ಕಡಿಮೆ ಇದ್ದರೆ ಕೇಳಲೇಬೇಕಾದ ಪ್ರಶ್ನೆ ಅದು.

ಸನಿವೇಲ್ ಅಮ್ಮ

ಇಬ್ಬರಿಗೂ ತುಂಬಾ ಧನ್ಯವಾದ. ಆದಾಯದ ಶೇಕಡಾವಾರು ಯಾಕೆ ಹಾಗೆ ಏರಿಳಿತ? ಮತ್ತೆ ಆರನೇ, ಎಂಟನೇ ತರಗತಿಯ ಅಂತರ?

ಡೇಟಾ ಕೆಲಸದವನು

ಆದಾಯದ್ದು ಮೊದಲು. ಹಿಂದಿನಿಂದ ಇದನ್ನು ಅಳೆಯುತ್ತಿದ್ದದ್ದು ಊಟದ ಅರ್ಜಿಯಿಂದ. ಕುಟುಂಬದ ಆದಾಯ ಕೇಂದ್ರದ ಬಡತನ ಮಟ್ಟದ ಶೇ 130ರೊಳಗೆ ಇದ್ದರೆ ಮಗುವಿಗೆ ಉಚಿತ ಊಟ, ಶೇ 185ರವರೆಗೆ ರಿಯಾಯಿತಿ ಊಟ. ಆದರೆ 2022-23ರಿಂದ ಕ್ಯಾಲಿಫೋರ್ನಿಯಾದ ಪಬ್ಲಿಕ್ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಊಟ ಉಚಿತ. ಊಟ ಹೇಗೂ ಸಿಗುತ್ತದೆ ಅಂದ ಮೇಲೆ ಫಾರಂ ಯಾರು ತುಂಬುತ್ತಾರೆ? ಕ್ಯಾಲ್‌ಫ್ರೆಶ್ (ಆಹಾರ ನೆರವು), ಮೆಡಿ-ಕ್ಯಾಲ್ (ಕಡಿಮೆ ಆದಾಯದವರ ಆರೋಗ್ಯ ವಿಮೆ) ಪಟ್ಟಿಯಲ್ಲಿರುವ ಮನೆಗಳ ಮಕ್ಕಳು ತಾವಾಗಿಯೇ ಲೆಕ್ಕಕ್ಕೆ ಸಿಗುತ್ತಾರೆ. ಉಳಿದವರಿಗೆ ಶಾಲೆ ಬೇರೆ ಆದಾಯದ ಫಾರಂ ಕೊಟ್ಟು, ಬೆನ್ನು ಹತ್ತಿ ವಾಪಸ್ ಪಡೆಯಬೇಕು. ಒಂದು ವರ್ಷ ಆಫೀಸಿನವರು ಚುರುಕಾಗಿ ಸಂಗ್ರಹಿಸಿದರೆ ಶೇಕಡಾವಾರು ಏರುತ್ತದೆ, ಇನ್ನೊಂದು ವರ್ಷ ಇಳಿಯುತ್ತದೆ. ಮಕ್ಕಳು ಅವರೇ ಆಗಿರಬಹುದು.

ಈ ಫಾರಂ ಬರೀ ಕಾಗದ ಅಲ್ಲ. 2013-14ರಿಂದ ರಾಜ್ಯದ ದುಡ್ಡು ಹಂಚುವ ಸೂತ್ರದಲ್ಲಿ ಕಡಿಮೆ ಆದಾಯದ, ಇಂಗ್ಲಿಷ್ ಕಲಿಯುವ, ಫಾಸ್ಟರ್ ಆರೈಕೆಯಲ್ಲಿರುವ (ಹೆತ್ತವರಿಂದ ದೂರ, ಸರ್ಕಾರದ ಆಶ್ರಯದಲ್ಲಿರುವ) ಮಕ್ಕಳಿಗೆ ಮೂಲ ಮೊತ್ತದ ಮೇಲೆ ಶೇ 20 ಜಾಸ್ತಿ ಬರುತ್ತದೆ. ಇಂಥ ಮಕ್ಕಳು ಶೇ 55 ದಾಟಿದ ಕಡೆ ಇನ್ನೂ ಹೆಚ್ಚು. ಚಾರ್ಟರ್ ಶಾಲೆಗೆ ಆ ಎರಡನೇ ಹೆಚ್ಚಳದಲ್ಲಿ ಒಂದು ಮಿತಿ ಇದೆ. ಅದು ಇರುವ ಡಿಸ್ಟ್ರಿಕ್ಟ್‌ನ ಪ್ರಮಾಣಕ್ಕಿಂತ ಮೇಲೆ ಲೆಕ್ಕ ಹಾಕುವಂತಿಲ್ಲ. ನಿಮಗೆ ಅನ್ವಯಿಸಲಿ ಬಿಡಲಿ, ಫಾರಂ ಬಂದರೆ ತುಂಬಿ ಕೊಡಿ.

ಇನ್ನು ತರಗತಿಯ ಅಂತರ. ಒಂದೇ ವರ್ಷದ ಆರು, ಏಳು, ಎಂಟನ್ನು ಅಕ್ಕಪಕ್ಕ ಇಟ್ಟು ನೋಡಬೇಡಿ. ಅವು ಮೂರು ಬೇರೆ ಬೇರೆ ಬ್ಯಾಚ್. ಓರೆಯಾಗಿ ಓದಿ. 2022ರ ಆರನೇ ತರಗತಿ, 2023ರ ಏಳನೇ, 2024ರ ಎಂಟನೇ, ಇದು ಒಂದೇ ಬ್ಯಾಚಿನ ದಾರಿ. ಉದಾಹರಣೆಗೆ 2022ರಲ್ಲಿ ಆರನೇ ತರಗತಿಗೆ 90 ಮಕ್ಕಳು ಸೇರಿದರು, 2024ರಲ್ಲಿ ಎಂಟನೇ ತರಗತಿಯಲ್ಲಿ 88 ಇದ್ದಾರೆ ಅಂದುಕೊಳ್ಳಿ. ಅದೇ 2024ರಲ್ಲಿ ಶಾಲೆ ಒಂದು ಸೆಕ್ಷನ್ ಜಾಸ್ತಿ ಮಾಡಿ ಆರನೇ ತರಗತಿಗೆ 120 ಸೇರಿಸಿಕೊಂಡಿದೆ. ಆ ವರ್ಷದ ಪುಟ ನೋಡಿದವರಿಗೆ 120 ಮತ್ತು 88 ಕಂಡು ಗಾಬರಿ ಆಗುತ್ತದೆ. ನಿಜದಲ್ಲಿ ಶಾಲೆ ಬೆಳೆಯುತ್ತಿದೆ, ಅಷ್ಟೇ. ಅದೇ 120 ಮಕ್ಕಳ ಬ್ಯಾಚ್ ಎರಡು ವರ್ಷದಲ್ಲಿ 85ಕ್ಕೆ ಬಂದರೆ ಅದು ಬೇರೆ ಕಥೆ.

ಆರನೇ ಕ್ಲಾಸ್ ಟೀಚರ್

ಓರೆ ಓದಿನಲ್ಲೂ ಒಂದು ಕಣ್ಣಿಗೆ ಕಾಣದ ವಿಷಯ ಇದೆ. ಹತ್ತು ಮಕ್ಕಳು ಬಿಟ್ಟು, ಹತ್ತು ಹೊಸಬರು ಬಂದರೆ ಸಂಖ್ಯೆ ಹಾಗೇ ಇರುತ್ತದೆ. ಬಿಟ್ಟವರು ಯಾರು? ಬಂದವರು ಯಾರು? ಕೆಲವು ಚಾರ್ಟರ್ ಶಾಲೆಗಳು ಏಳು ಎಂಟರಲ್ಲಿ ಸೀಟು ಖಾಲಿಯಾದರೆ ಕಾಯುವ ಪಟ್ಟಿಯಿಂದ ತುಂಬುತ್ತವೆ, ಕೆಲವು ತುಂಬುವುದಿಲ್ಲ. ತುಂಬದೇ ಹೋದರೆ ಕಷ್ಟಪಡುತ್ತಿದ್ದ ಮಕ್ಕಳು ಹೋಗಿ ಚೆನ್ನಾಗಿ ಓದುವವರು ಮಾತ್ರ ಉಳಿದಿರಬಹುದು. ಆಗ ಎಂಟನೇ ತರಗತಿಯ ಸ್ಕೋರ್ ತಾನಾಗಿ ಏರುತ್ತದೆ, ಯಾರಿಗೂ ಹೊಸದಾಗಿ ಏನೂ ಕಲಿಸದಿದ್ದರೂ. ಡಿಸ್ಟ್ರಿಕ್ಟ್‌ಗೆ ಆ ಅವಕಾಶ ಇಲ್ಲ. ಫೆಬ್ರವರಿಯಲ್ಲಿ ಊರಿಗೆ ಬಂದ ಮಗುವಿಗೂ ಅದು ಜಾಗ ಕೊಡಲೇಬೇಕು.

ಚಾರ್ಟರ್ ಶಾಲೆಯಲ್ಲೇ ಕೆಲಸ ಮಾಡುವವಳಾಗಿ ಇದನ್ನು ಹೇಳುತ್ತಿದ್ದೇನೆ. ನನ್ನ ಶಾಲೆಯ ಬಗ್ಗೆ ನನಗೆ ಹೆಮ್ಮೆ ಇದೆ. ಆದರೆ ಸ್ಕೋರ್ ಮಾತ್ರ ತೋರಿಸಿ ಈ ಮಾತನ್ನು ಮುಚ್ಚಿಡುವುದು ಸರಿಯಲ್ಲ.

ಡೇಟಾಕ್ವೆಸ್ಟ್‌ನಲ್ಲಿ 'ಸ್ಟೆಬಿಲಿಟಿ ರೇಟ್' ಅಂತ ಒಂದು ವರದಿ ಇದೆ. ವರ್ಷದಲ್ಲಿ ಬೇರೆ ಶಾಲೆಗೆ ಹೋಗದೆ ಅಲ್ಲೇ ಉಳಿದವರ ಪ್ರಮಾಣ. ಗುಂಪುವಾರು ನೋಡಬಹುದು. ಅಂಗವೈಕಲ್ಯ ಇರುವ ಮಕ್ಕಳ ಸಾಲನ್ನು ಮೊದಲು ನೋಡಿ, ಉಳಿದದ್ದು ಆಮೇಲೆ.

ಮಿಲ್ಪಿಟಸ್‌ನವಳು

ಅದನ್ನೇ ಮೊದಲು ಯಾಕೆ?

ಆರನೇ ಕ್ಲಾಸ್ ಟೀಚರ್

ಶಾಲೆ ಯಾರಿಗಾಗಿ ಕಷ್ಟಪಡುತ್ತದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಚಾರ್ಟರ್ ಶಾಲೆಗೂ ವಿಶೇಷ ಶಿಕ್ಷಣದ ಕೇಂದ್ರ ಕಾನೂನು ಪೂರ್ತಿ ಅನ್ವಯಿಸುತ್ತದೆ. ಐಇಪಿ (ವಿಶೇಷ ಶಿಕ್ಷಣದ ವೈಯಕ್ತಿಕ ಯೋಜನೆ) ಇರುವ ಮಗುವನ್ನು "ನಮ್ಮಲ್ಲಿ ಆ ಸೌಲಭ್ಯ ಇಲ್ಲ" ಎಂದು ವಾಪಸ್ ಕಳಿಸುವಂತಿಲ್ಲ. ಆದರೂ ಅಂತರ ಇತ್ತು. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನೆ ಕಚೇರಿ 2012ರಲ್ಲಿ ಕೊಟ್ಟ ವರದಿ ಪ್ರಕಾರ, 2009-10ರಲ್ಲಿ ಸಾಮಾನ್ಯ ಪಬ್ಲಿಕ್ ಶಾಲೆಗಳ ಮಕ್ಕಳಲ್ಲಿ ಸುಮಾರು ಶೇ 11 ಮಂದಿಗೆ ಅಂಗವೈಕಲ್ಯ ಇತ್ತು, ಚಾರ್ಟರ್ ಶಾಲೆಗಳಲ್ಲಿ ಸುಮಾರು ಶೇ 8.

ಕ್ಯಾಲಿಫೋರ್ನಿಯಾದ ಈಗಿನ ಕಾನೂನು ಸ್ಪಷ್ಟ. ದಾಖಲಾಗುವ ಮೊದಲು ಮಗುವಿನ ಹಳೆಯ ದಾಖಲೆ ಕೇಳುವಂತಿಲ್ಲ. "ಈ ಶಾಲೆ ನಿಮ್ಮ ಮಗುವಿಗೆ ಹೊಂದಲ್ಲ" ಎಂದು ಸೇರುವುದನ್ನು ತಪ್ಪಿಸುವಂತಿಲ್ಲ, ಬಿಡುವಂತೆ ಒತ್ತಾಯ ಮಾಡುವಂತಿಲ್ಲ. ಪೋಷಕರು ಇಷ್ಟು ಗಂಟೆ ಸ್ವಯಂಸೇವೆ ಮಾಡಲೇಬೇಕು ಎಂಬ ಷರತ್ತೂ ಹಾಕುವಂತಿಲ್ಲ. ಎರಡು ಪಾಳಿ ದುಡಿಯುವ ತಾಯಿಗೆ ಈ ಕೊನೆಯ ಮಾತು ಎಷ್ಟು ಮುಖ್ಯ ಅಂತ ನನ್ನ ತರಗತಿಯ ಪೋಷಕರನ್ನು ನೋಡಿ ಗೊತ್ತು.

ಲಾಸ್ ಆಲ್ಟೋಸ್ ಪಕ್ಕದ ಊರಿನವನು

ಒಂದು ನಿಜವಾದ ಉದಾಹರಣೆ ಕೊಡುತ್ತೇನೆ. ಇಲ್ಲಿ ಬುಲಿಸ್ ಚಾರ್ಟರ್ ಸ್ಕೂಲ್ ಇದೆ. ಕಿಂಡರ್‌ಗಾರ್ಟನ್‌ನಿಂದ ಎಂಟನೇ ತರಗತಿವರೆಗೆ. 2003ರಲ್ಲಿ ಲಾಸ್ ಆಲ್ಟೋಸ್ ಡಿಸ್ಟ್ರಿಕ್ಟ್ ಗುಡ್ಡದ ಮೇಲಿನ ಒಂದು ಶಾಲೆಯನ್ನು ಮುಚ್ಚಿತು. ಆ ಭಾಗದ ಪೋಷಕರು ಸೇರಿ ಚಾರ್ಟರ್ ಶಾಲೆ ಶುರು ಮಾಡಿದರು. ಡಿಸ್ಟ್ರಿಕ್ಟ್ ಒಪ್ಪಲಿಲ್ಲ, ಸ್ಯಾಂಟಾ ಕ್ಲಾರಾ ಕೌಂಟಿ ಮಂಡಳಿ ಅನುಮತಿ ಕೊಟ್ಟಿತು, 2004ರಲ್ಲಿ ತೆರೆಯಿತು. ಚಾರ್ಟರ್ ಮಕ್ಕಳಿಗೂ ಡಿಸ್ಟ್ರಿಕ್ಟ್ ಸಮನಾದ ಕಟ್ಟಡ, ಜಾಗ ಕೊಡಬೇಕು ಎಂದು 2000ದಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 39 ಹೇಳುತ್ತದೆ. ಅದರ ಬಗ್ಗೆ ಕೋರ್ಟಿಗೆ ಹೋಗಿ 2011ರಲ್ಲಿ ಮೇಲ್ಮನವಿ ಕೋರ್ಟು ಚಾರ್ಟರ್ ಶಾಲೆಯ ಪರ ತೀರ್ಪು ಕೊಟ್ಟಿತು.

ಜಾಗದ ಜಗಳದ ಜೊತೆಗೆ ವರ್ಷಗಟ್ಟಲೆ ನಡೆದ ಇನ್ನೊಂದು ಚರ್ಚೆ ಇದೇ: ಈ ಶಾಲೆಯ ಮಕ್ಕಳು ಇಡೀ ಡಿಸ್ಟ್ರಿಕ್ಟ್‌ನ ಮಕ್ಕಳನ್ನು ಹೋಲುತ್ತಾರಾ? ಹೋಲಿಕೆ ಯಾವುದರ ಜೊತೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಶಾಲೆಯ ಸುತ್ತಲಿನ ಬೀದಿಗಳ ಜೊತೆಯೋ, ಡಿಸ್ಟ್ರಿಕ್ಟ್ ಜೊತೆಯೋ, ಕೌಂಟಿಯ ಜೊತೆಯೋ? ಬೇ ಏರಿಯಾದಲ್ಲಿ ಮೂರು ಮೈಲಿ ದಾಟಿದರೆ ಬೇರೆ ಲೋಕ.

ಕಾನೂನು ಇದಕ್ಕೆ ಒಂದು ಅಳತೆ ಕೊಟ್ಟಿದೆ. ಚಾರ್ಟರ್ ಅರ್ಜಿಯಲ್ಲೇ ಡಿಸ್ಟ್ರಿಕ್ಟ್ ವ್ಯಾಪ್ತಿಯ ಜನರನ್ನು ಹೋಲುವ ಸಮತೋಲನ ಹೇಗೆ ಸಾಧಿಸುತ್ತೇವೆ ಎಂದು ಬರೆಯಬೇಕು. ಜನಾಂಗ ಮಾತ್ರ ಅಲ್ಲ, ವಿಶೇಷ ಶಿಕ್ಷಣದ ಮಕ್ಕಳು, ಇಂಗ್ಲಿಷ್ ಕಲಿಯುವ ಮಕ್ಕಳ ವಿಷಯವೂ ಸೇರಿ. ಆ ಅರ್ಜಿ ಸಾರ್ವಜನಿಕ ದಾಖಲೆ. ಸನಿವೇಲ್ ಅಮ್ಮ, ಅದನ್ನು ತರಿಸಿ ಓದಿ. ಮಾತು ಕೊಟ್ಟದ್ದನ್ನೂ ಅಕ್ಟೋಬರ್ ಸಂಖ್ಯೆಯನ್ನೂ ಪಕ್ಕಪಕ್ಕ ಇಡಿ.

ಆಸ್ಟಿನ್‌ನಿಂದ

ಟೆಕ್ಸಸ್‌ನಲ್ಲಿ ಇರುವವರು ಓದುತ್ತಿದ್ದರೆ: ನಮ್ಮಲ್ಲಿ ಲೆಕ್ಕದ ದಿನ ಅಕ್ಟೋಬರ್‌ನ ಕೊನೆಯ ಶುಕ್ರವಾರ. ರಾಜ್ಯದ ವಾರ್ಷಿಕ ವರದಿಯಲ್ಲಿ ಶಾಲೆವಾರು ಎಲ್ಲ ಸಿಗುತ್ತದೆ. ಎರಡು ರಾಜ್ಯಗಳ ಅಂಕಿಗಳನ್ನು ನೇರ ಹೋಲಿಸಬೇಡಿ.

ಇನ್ನೊಂದು. ಬಸ್ ಇದೆಯಾ ಕೇಳಿ. ಬಸ್ ಇಲ್ಲದ ಶಾಲೆಗೆ ಕಾರು ಇರುವ, ಮಧ್ಯಾಹ್ನ ಮೂರಕ್ಕೆ ಬಿಡುವಿರುವ ಮನೆಯ ಮಕ್ಕಳೇ ಬರುತ್ತಾರೆ. ಲಾಟರಿ ಎಷ್ಟೇ ಪ್ರಾಮಾಣಿಕ ಆಗಿರಲಿ, ಚೀಟಿ ಹಾಕುವವರೇ ಕಡಿಮೆ ಜನ ಆದರೆ ಫಲಿತಾಂಶವೂ ಹಾಗೇ ಇರುತ್ತದೆ. ಅಣ್ಣ ತಂಗಿಯರಿಗೆ ಕೊಡುವ ಆದ್ಯತೆಯಿಂದ ಅದೇ ಮನೆಗಳು ಮುಂದುವರಿಯುತ್ತವೆ.

ಮೈಸೂರು ಮೇಷ್ಟ್ರು

ಇದು ನನಗೆ ಚೆನ್ನಾಗಿ ಅರ್ಥ ಆಗುತ್ತದೆ. ನಮ್ಮಲ್ಲಿ ಆರ್‌ಟಿಇ ಅಡಿ ಖಾಸಗಿ ಶಾಲೆಗಳ ಶೇ 25 ಸೀಟಿಗೆ ಲಾಟರಿ ಬಂದಾಗಲೂ ಹಾಗೇ ಆಯಿತು. ಆನ್‌ಲೈನ್ ಅರ್ಜಿ ಹಾಕಲು, ಆದಾಯ ಪ್ರಮಾಣಪತ್ರ ತರಲು ಓಡಾಡಬಲ್ಲ ಮನೆಯವರು ಮುಂದೆ ಬಂದರು. ಕೂಲಿಗೆ ಹೋಗುವ ತಾಯಿಗೆ ಅಷ್ಟು ಬಿಡುವು ಎಲ್ಲಿ? ನನ್ನ ಶಾಲೆಯ ಎಷ್ಟೋ ಮಕ್ಕಳ ಮನೆಗೆ ಆ ಸುದ್ದಿಯೇ ತಲುಪಿರಲಿಲ್ಲ.

ಸನಿವೇಲ್ ಅಮ್ಮ

ನಕ್ಷತ್ರದ ಗುರುತಿನದು ಒಂದು ಉಳಿಯಿತು.

ಡೇಟಾ ಕೆಲಸದವನು

ಅದು ಮಕ್ಕಳ ಗುಟ್ಟು ಕಾಪಾಡಲು. ಪರೀಕ್ಷಾ ಫಲಿತಾಂಶದಲ್ಲಿ ಒಂದು ಗುಂಪಿನಲ್ಲಿ 11ಕ್ಕಿಂತ ಕಡಿಮೆ ಮಕ್ಕಳಿದ್ದರೆ ತೋರಿಸುವುದಿಲ್ಲ. ಶಾಲೆಗಳ ಸಾಧನೆ ತೋರಿಸುವ ರಾಜ್ಯದ ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪಿನಿಂದ (ಕನಿಷ್ಠ) ನೀಲಿವರೆಗೆ (ಅತ್ಯುತ್ತಮ) ಬಣ್ಣ ಬರಲು ಸಾಮಾನ್ಯವಾಗಿ ಗುಂಪಿನಲ್ಲಿ 30 ಮಕ್ಕಳಾದರೂ ಬೇಕು. ಮಿಡಲ್ ಸ್ಕೂಲ್ ಚಿಕ್ಕದಾದಷ್ಟೂ ಬಣ್ಣ ಕಾಣದ ಗುಂಪುಗಳು ಜಾಸ್ತಿ. ಅಂದರೆ ಅಲ್ಲಿ ಸಮಸ್ಯೆ ಇಲ್ಲ ಎಂದಲ್ಲ. ಶೇಕಡಾವಾರು ನಂಬುವ ಮೊದಲು ತಲೆ ಎಣಿಕೆ ನೋಡಿ. 20 ಮಕ್ಕಳ ಗುಂಪಿನಲ್ಲಿ ಒಬ್ಬರು ಬಿಟ್ಟರೂ ಶೇ 5 ಇಳಿಯುತ್ತದೆ.

ಫ್ರೀಮಾಂಟ್ ಅಪ್ಪ

ಇಷ್ಟೆಲ್ಲ ಓದಿದ ಮೇಲೆ ನನ್ನ ಪ್ರಶ್ನೆ ಇನ್ನೂ ಇದೆ, ಆದರೆ ಅದನ್ನು ಕೇಳುವ ಜಾಗ ಬೇರೆ ಅಂತ ಅನ್ನಿಸುತ್ತಿದೆ. ಶಾಲೆ ನೋಡಲು ಹೋದಾಗ ಊಟದ ಹೊತ್ತಿನಲ್ಲಿ ಮಕ್ಕಳು ಹೇಗೆ ಕೂತಿರುತ್ತಾರೆ ಅಂತ ನೋಡುತ್ತೇನೆ.

ಸನಿವೇಲ್ ಅಮ್ಮ

ನಾನು ಮೂರು ವರ್ಷದ ಸಂಖ್ಯೆಗಳನ್ನು ಓರೆಯಾಗಿ ಬರೆದು ನೋಡಿದೆ. ನನ್ನ ಭಯಕ್ಕೆ ಅರ್ಧ ಕಾರಣ ಅಲ್ಲೇ ಹೋಯಿತು, ಆರನೇ ತರಗತಿಗೆ ಹೊಸ ಸೆಕ್ಷನ್ ಬಂದಿರುವುದು ಗೊತ್ತಾಯಿತು. ಆದರೆ ಐಇಪಿ ಇರುವ ಮಕ್ಕಳು ಪಕ್ಕದ ಡಿಸ್ಟ್ರಿಕ್ಟ್ ಮಿಡಲ್ ಸ್ಕೂಲ್‌ಗಿಂತ ಕಡಿಮೆ. ಗುರುವಾರ ಪೋಷಕರ ಸಭೆ ಇದೆ. ಏಳು ಎಂಟರಲ್ಲಿ ಖಾಲಿ ಸೀಟು ತುಂಬುತ್ತೀರಾ, ಹೋದ ವರ್ಷ ಬಿಟ್ಟ ಮಕ್ಕಳು ಯಾವ ಕಾರಣಕ್ಕೆ ಬಿಟ್ಟರು, ವಿಶೇಷ ಶಿಕ್ಷಣದ ಶಿಕ್ಷಕರು ಎಷ್ಟು ಜನ ಅಂತ ಕೇಳುತ್ತೇನೆ. ಸೇರಿಸಿ, ಹೊಂದದಿದ್ದರೆ ಡಿಸ್ಟ್ರಿಕ್ಟ್ ಶಾಲೆಗೆ ವಾಪಸ್ ಹೋಗಬಹುದಾ?

ಆರನೇ ಕ್ಲಾಸ್ ಟೀಚರ್

ಹೋಗಬಹುದು, ವರ್ಷದ ಮಧ್ಯೆಯೂ. ನಿಮ್ಮ ವಿಳಾಸದ ಡಿಸ್ಟ್ರಿಕ್ಟ್ ಮಗುವನ್ನು ಸೇರಿಸಿಕೊಳ್ಳಲೇಬೇಕು. ಆದರೆ ಮನೆ ಹತ್ತಿರದ ಶಾಲೆ ತುಂಬಿದ್ದರೆ ಅದೇ ಡಿಸ್ಟ್ರಿಕ್ಟ್‌ನ ಇನ್ನೊಂದು ಶಾಲೆಗೆ ಕಳಿಸಬಹುದು, ಇದನ್ನು ಡಿಸ್ಟ್ರಿಕ್ಟ್ ಆಫೀಸಿನಲ್ಲಿ ಈಗಲೇ ಕೇಳಿಟ್ಟುಕೊಳ್ಳಿ. ಮಗು ಮಧ್ಯದಲ್ಲಿ ಬಿಟ್ಟರೆ ಚಾರ್ಟರ್ ಶಾಲೆ 30 ದಿನದೊಳಗೆ ನಿಮ್ಮ ಡಿಸ್ಟ್ರಿಕ್ಟ್‌ಗೆ ತಿಳಿಸಬೇಕು ಎಂಬ ನಿಯಮವೂ ಇದೆ. ಸಭೆಯಲ್ಲಿ ಉತ್ತರ ಸಿಗದಿದ್ದರೆ ಶಾಲೆಯ ಆಡಳಿತ ಮಂಡಳಿಯ ಸಭೆಗೆ ಹೋಗಿ. ಅದು ಎಲ್ಲರಿಗೂ ತೆರೆದ ಸಭೆ, ಯಾರು ಬೇಕಾದರೂ ಎದ್ದು ನಿಂತು ಪ್ರಶ್ನೆ ಕೇಳಬಹುದು.